ಒನ್‌ಎಕ್ಸ್‌ಟ್ರಾ ಕೇಳುವವರು ಯಾರಾದರೂ ಇದ್ದೀರಾ? ಮಗನ ರೇಡಿಯೋ ಬಗ್ಗೆ ಒಂದು ಪ್ರಶ್ನೆ

ರೆಡಿಂಗ್_ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ತುಮಕೂರಿನ ಕಡೆಯವರು. ಇಂಗ್ಲೆಂಡಿನ ರೆಡಿಂಗ್ ಊರಿಗೆ ಬಂದು 17 ವರ್ಷ ಆಯಿತು. ಮಗನಿಗೆ ಈಗ 15.

ಕಾರಿನಲ್ಲಿ ನಮ್ಮಿಬ್ಬರಿಗೆ ಒಂದು ಒಪ್ಪಂದ ಇದೆ. ಬೆಳಿಗ್ಗೆ ಸ್ಕೂಲಿಗೆ ಹೋಗುವಾಗ ಅವನ ರೇಡಿಯೋ, ಸಂಜೆ ಬರುವಾಗ ನನ್ನ ಭಾವಗೀತೆ. ಅವನ ರೇಡಿಯೋ ಅಂದರೆ ಬಿಬಿಸಿಯ ಒನ್‌ಎಕ್ಸ್‌ಟ್ರಾ. ರ‍್ಯಾಪ್, ಗ್ರೈಮ್, ಡ್ಯಾನ್ಸ್‌ಹಾಲ್, ಆಫ್ರೋಬೀಟ್ಸ್, ಇನ್ನೂ ಏನೇನೋ. ಮೊದಮೊದಲು ತಲೆ ಚಿಟ್ಟು ಹಿಡಿಯುತ್ತಿತ್ತು. ಈಗ ಸಿಗ್ನಲ್‌ನಲ್ಲಿ ನಿಂತಾಗ ನನ್ನ ಬೆರಳೇ ಸ್ಟೀರಿಂಗ್ ಮೇಲೆ ತಾಳ ಹಾಕುತ್ತದೆ. ಅವನು ನೋಡಿ ನಗುತ್ತಾನೆ.

ವಿಷಯ ಏನೆಂದರೆ, ಎರಡು ವಾರದಿಂದ ಅವನು ನನ್ನ ಹಿಂದೆ ಬಿದ್ದಿದ್ದಾನೆ. "ಅಮ್ಮಾ, 'ಆಯ್ತಾ'ಗೆ ಪ್ರಾಸ ಹೇಳು. 'ಮಳೆ'ಗೆ ಹೇಳು." ಏನೋ ಬರೆಯುತ್ತಿದ್ದಾನೆ, ತೋರಿಸುವುದಿಲ್ಲ. ಇಷ್ಟು ವರ್ಷ ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದವನು ಇವನು! ನಮ್ಮ ಮನೆಯವರು ಮಾತ್ರ "ಬೈಗುಳದ ಸಂಗೀತ, ಹುಡುಗ ಹಾಳಾಗ್ತಾನೆ" ಅಂತಾರೆ. ಈ ಸ್ಟೇಷನ್ ಎಲ್ಲಿಂದ ಬಂತು, ಯಾರಿಗಾಗಿ ಬಂತು, ಗೊತ್ತಿರುವವರು ಸ್ವಲ್ಪ ಹೇಳಿ. ಮನೆಯಲ್ಲಿ ವಾದ ಮಾಡಲು ನನಗೂ ಸರಕು ಬೇಕು.

ಬಸವನಗುಡಿ_ಬಾಲು

ಮೇಡಂ, ನಿಮ್ಮ ಯಜಮಾನರ ಪಕ್ಷ ನಾನು. ಮಾತನ್ನೇ ಹಾಡು ಅಂದರೆ ನಮ್ಮ ಬಿಎಂಟಿಸಿ ಕಂಡಕ್ಟರೂ ಹಾಡುಗಾರನೇ.

ಇನ್ನೊಂದು ಅನುಮಾನ. ಇದನ್ನು ಅರ್ಬನ್ ಮ್ಯೂಸಿಕ್ ಅಂತಾರಲ್ಲ, ಅಂದರೆ ನಗರ ಸಂಗೀತ ಅಲ್ವಾ? ಹಾಗಾದರೆ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಯೂ ಅರ್ಬನ್ನೇ. ಪಕ್ಕದಲ್ಲೇ ಟ್ರಾಫಿಕ್ ಕೂಡ ಇದೆ.

ಧಾರವಾಡ_ಫೇಡಾ

ಬಾಲು ಅವರೇ, ನಗಿಸಿದಿರಿ. ಆದರೆ ಆ ಪದಕ್ಕೆ ಊರು, ಪೇಟೆ ಅನ್ನುವ ಅರ್ಥವೇ ಇಲ್ಲರೀ.

1970ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಫ್ರಾಂಕಿ ಕ್ರಾಕರ್ ಅನ್ನುವ ಡಿಜೆ ಇದ್ದರು. ಡಬ್ಲ್ಯುಬಿಎಲ್‌ಎಸ್ ಸ್ಟೇಷನ್. ತಾವು ಹಾಕುವ ಹಾಡುಗಳಿಗೆ "ಅರ್ಬನ್ ಕಾಂಟೆಂಪರರಿ" ಅನ್ನುವ ಹೆಸರನ್ನು ಬಳಕೆಗೆ ತಂದವರು ಅವರೇ. ಬ್ಲ್ಯಾಕ್ ರೇಡಿಯೋ ಅಂದರೆ ಜಾಹೀರಾತಿನವರು ಹಿಂದೆ ಸರಿಯುತ್ತಿದ್ದ ಕಾಲ ಅದು. ಅರ್ಬನ್ ಅಂದರೆ ಅವರಿಗೂ ಮುಜುಗರ ಇಲ್ಲ. ಒಟ್ಟಿನಲ್ಲಿ ಕರಿಯ ಜನರ ಸಂಗೀತ ಅನ್ನುವುದನ್ನು ಹೇಳದೆ ಹೇಳುವ ಪದ. ನಮ್ಮಲ್ಲಿ ಜಾತಿ ಕೇಳಲು "ನೀವು ಯಾವ ಕಡೆಯವರು" ಅನ್ನುತ್ತಾರಲ್ಲ, ಅದೇ ಜಾಣತನ.

ಅದಕ್ಕೇ ಆ ಪದಕ್ಕೆ ಈಗ ಬೆಲೆ ಇಳಿದಿದೆ. 2020ರ ಜೂನ್‌ನಲ್ಲಿ, ಅಮೆರಿಕದಲ್ಲಿ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತ ನಂತರ, ರಿಪಬ್ಲಿಕ್ ರೆಕಾರ್ಡ್ಸ್ ಕಂಪನಿ ಇನ್ನು ಈ ಪದ ಬಳಸುವುದಿಲ್ಲ ಅಂದಿತು. ಅದೇ ತಿಂಗಳು ಗ್ರ್ಯಾಮಿಯವರು ಒಂದು ಪ್ರಶಸ್ತಿಯ ಹೆಸರಿನಿಂದ ಅರ್ಬನ್ ತೆಗೆದು ಪ್ರೋಗ್ರೆಸಿವ್ ಆರ್ ಅಂಡ್ ಬಿ ಅಂತ ಮಾಡಿದರು. ಕನ್ನಡದಲ್ಲಿ ಇದನ್ನು ನಗರ ಸಂಗೀತ ಅಂತ ಬರೆದರೆ ಮೂಲದ ಮುಚ್ಚುಮರೆಯೂ ಹೋಗುತ್ತದೆ, ಅರ್ಥವೂ ಹೋಗುತ್ತದೆ.

ಈಸ್ಟ್‌ಹ್ಯಾಮ್_ಹುಡುಗ

ಅಕ್ಕಾ, ಇದು ನನ್ನ ವಿಷಯ. ಉದ್ದ ಆಗುತ್ತದೆ, ಕಾಫಿ ಇಟ್ಟುಕೊಂಡು ಓದಿ. (ಹುಡುಗ ಅನ್ನುವ ಹೆಸರು ಹಳೆಯದು. ಈಗ ನನ್ನ ಗಡ್ಡವೂ ಬೆಳ್ಳಗಾಗಿದೆ.)

ನಾನು ಲಂಡನ್ನಿಗೆ ಓದಲು ಬಂದದ್ದು 2003ರಲ್ಲಿ. ಈಸ್ಟ್ ಹ್ಯಾಮ್‌ನಲ್ಲಿ ಮೂವರು ಸೇರಿ ಒಂದು ರೂಮ್. ರಾತ್ರಿ ಅಂಗಡಿಯಲ್ಲಿ ಕೆಲಸ ಮುಗಿಸಿ ಬಂದು ಎಫ್‌ಎಂ ತಿರುಗಿಸಿದರೆ ಎರಡು ದೊಡ್ಡ ಸ್ಟೇಷನ್‌ಗಳ ಸಂದಿಯಲ್ಲಿ ಬೇರೆಯದೇ ಲೋಕ. ಬೀಟ್ ಹಿಂದೆ ಬೀಟ್, ಅದರ ಮೇಲೆ ಹುಡುಗರು ಸರದಿ ಮೇಲೆ ಮೈಕ್ ಕಿತ್ತುಕೊಂಡು ಮಾತು ಉದುರಿಸುತ್ತಿದ್ದರು. ಇವೆಲ್ಲ ಲೈಸೆನ್ಸ್ ಇಲ್ಲದ ಪೈರೇಟ್ ಸ್ಟೇಷನ್‌ಗಳು. ಇಪ್ಪತ್ತು ಮಹಡಿಯ ಕೌನ್ಸಿಲ್ ಫ್ಲ್ಯಾಟುಗಳ (ಸರ್ಕಾರಿ ಬಾಡಿಗೆ ಮನೆಗಳ) ತಾರಸಿ ಮೇಲೆ ಆಂಟೆನಾ. ಸ್ಟುಡಿಯೋ ಇನ್ನೆಲ್ಲೋ ಯಾರದೋ ಅಡುಗೆಮನೆಯಲ್ಲಿ. ಸರ್ಕಾರದವರು ಬಂದು ಟ್ರಾನ್ಸ್‌ಮಿಟರ್ ಕಿತ್ತುಕೊಂಡು ಹೋದರೆ ಸ್ವಲ್ಪ ದಿನದಲ್ಲಿ ಇನ್ನೊಂದು ಕಟ್ಟಿಬಿಡುತ್ತಿದ್ದರು.

ನನಗೆ ಅವರು ನಮ್ಮವರೇ ಅನ್ನಿಸಿದ್ದು ಯಾಕೆ ಗೊತ್ತಾ? ಮಿಸ್ಡ್ ಕಾಲ್! ಹಾಡು ಇಷ್ಟ ಆದರೆ ಸ್ಟುಡಿಯೋ ಮೊಬೈಲಿಗೆ ಮಿಸ್ಡ್ ಕಾಲ್ ಕೊಡಬೇಕು. ಡಿಜೆ ಆ ನಂಬರಿನ ಕೊನೆಯ ಅಂಕಿಗಳನ್ನು ಓದಿ ಸಲಾಂ ಹೇಳುತ್ತಿದ್ದ. ಕಾಲ್ ಜಾಸ್ತಿ ಬಂದರೆ ಹಾಡನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಮೊದಲಿಂದ. ಕಾಸು ಖರ್ಚಿಲ್ಲದೆ ಮಾತು ಮುಟ್ಟಿಸುವ ವಿದ್ಯೆ ನಾವೊಬ್ಬರೇ ಕಲಿತದ್ದು ಅಂದುಕೊಂಡಿದ್ದೆ.

ಹೀಗೆ ಬೀಟ್ ಮೇಲೆ ಮಾತು ಉದುರಿಸುವ ಹಾಡಿಗೇ ಗ್ರೈಮ್ ಅನ್ನುವುದು. ಅದು ಹುಟ್ಟಿದ್ದು ಈ ಪೈರೇಟ್‌ಗಳಲ್ಲೇ. ಪೂರ್ವ ಲಂಡನ್ನಿನ ಬೋ ಅನ್ನುವ ಜಾಗ, ರಿನ್ಸ್ ಎಫ್‌ಎಂ ಥರದ ಸ್ಟೇಷನ್. ರಿನ್ಸ್ ಶುರುವಾದದ್ದು 1994ರಲ್ಲಿ. ಲೈಸೆನ್ಸ್ ಸಿಕ್ಕಿದ್ದು 2010ರಲ್ಲಿ! ನಾನು ಬಂದ ವರ್ಷವೇ ಬೋ ಹುಡುಗ ಡಿಜ್ಜೀ ರಾಸ್ಕಲ್ ತನ್ನ ಮೊದಲ ಆಲ್ಬಮ್‌ಗೆ ಇಲ್ಲಿಯ ದೊಡ್ಡ ಸಂಗೀತ ಪ್ರಶಸ್ತಿ ಮರ್ಕ್ಯುರಿ ಗೆದ್ದ.

ಒನ್‌ಎಕ್ಸ್‌ಟ್ರಾ ಶುರುವಾದದ್ದು ಇದೇ ಹೊತ್ತಿನಲ್ಲಿ, 2002ರ ಆಗಸ್ಟ್ 16ರ ಸಂಜೆ. ಎಫ್‌ಎಂ ಇಲ್ಲ, ಬರೀ ಡಿಜಿಟಲ್. ಅಂದರೆ ಬಿಬಿಸಿ ಈ ಕೇಳುಗರನ್ನು ಹುಟ್ಟಿಸಲಿಲ್ಲ ಅಕ್ಕಾ. ಕೇಳುಗರು ಆಗಲೇ ಇದ್ದರು, ತಾರಸಿ ಆಂಟೆನಾ ಹಿಂದೆ. ಬಿಬಿಸಿ ಬಾಗಿಲು ತೆರೆದದ್ದು ತಡವಾಗಿ.

ಅದೂ ಮೊದಲ ಸಲ ಅಲ್ಲ. 60ರ ದಶಕದಲ್ಲಿ ರೇಡಿಯೋ ಕ್ಯಾರೊಲೈನ್ ಥರದವರು ಸಮುದ್ರದಲ್ಲಿ ಹಡಗು ನಿಲ್ಲಿಸಿ ಪಾಪ್ ಹಾಡು ಹಾಕುತ್ತಿದ್ದರು. 1967ರ ಆಗಸ್ಟ್‌ನಲ್ಲಿ ಕಾನೂನು ಮಾಡಿ ಅವರಲ್ಲಿ ಬಹುತೇಕರ ಬಾಯಿ ಮುಚ್ಚಿಸಿದರು. ಸೆಪ್ಟೆಂಬರ್ 30ಕ್ಕೆ ಬಿಬಿಸಿ ರೇಡಿಯೋ 1 ಶುರು. ಅಲ್ಲಿ ಮೊದಲು ಮಾತಾಡಿದ ಡಿಜೆ ಟೋನಿ ಬ್ಲ್ಯಾಕ್‌ಬರ್ನ್ ಬಂದದ್ದೇ ಆ ಹಡಗುಗಳಿಂದ. 35 ವರ್ಷದ ನಂತರ ಅದೇ ಕಥೆ. ಈ ಸಲ ಹಡಗಿನ ಬದಲು ತಾರಸಿ.

ರೆಡಿಂಗ್_ಅಮ್ಮ

ಕಾಫಿ ಆರಿಹೋಯಿತು, ಅಷ್ಟು ಚೆನ್ನಾಗಿತ್ತು. ಥ್ಯಾಂಕ್ಸ್ ತಮ್ಮಾ.

ಇನ್ನೊಂದು ಸಣ್ಣ ವಿಷಯ. ಕಾರು ಒಂದು ಇಳಿಜಾರಿಗೆ ಬಂದ ಕೂಡಲೇ ರೇಡಿಯೋ ಗುಳುಗುಳು ಅನ್ನುತ್ತದೆ, ಆಮೇಲೆ ಪೂರ್ತಿ ಸುಮ್ಮನಾಗುತ್ತದೆ. ಮಗ ಅದನ್ನು "ಬಜ್ಜಿ ಕರಿಯುವ ಸದ್ದು" ಅಂತಾನೆ. ನಮ್ಮ ಹಳೇ ಎಫ್‌ಎಂ ಹೀಗೆ ಮಾಡುತ್ತಿರಲಿಲ್ಲ. ಬರೀ ಗೊರಗೊರ ಅನ್ನುತ್ತಿತ್ತು, ಹಾಡು ಮಾತ್ರ ಕೇಳುತ್ತಲೇ ಇತ್ತು.

ತಂತಿ_ತಮ್ಮಯ್ಯ

ನಾನು ಆಕಾಶವಾಣಿಯಲ್ಲಿ ಟ್ರಾನ್ಸ್‌ಮಿಟರ್ ನೋಡಿಕೊಂಡು ನಿವೃತ್ತನಾದವನು. ಹಾಡಿನ ವಿಷಯ ನನ್ನನ್ನು ಕೇಳಬೇಡಿ, ಬಜ್ಜಿಯ ವಿಷಯ ಹೇಳುತ್ತೇನೆ ಮಗಳೇ.

ಎಫ್‌ಎಂನಲ್ಲಿ ಸಿಗ್ನಲ್ ಕಡಿಮೆಯಾದಂತೆ ಗದ್ದಲ ಏರುತ್ತದೆ. ಕಿವಿ ಅದರ ನಡುವೆಯೂ ಹಾಡನ್ನು ಹೆಕ್ಕಿಕೊಳ್ಳುತ್ತದೆ. ಡಿಎಬಿ ಅನ್ನುವ ಡಿಜಿಟಲ್ ರೇಡಿಯೋದಲ್ಲಿ ಹಾಡು ಅಂಕಿಗಳಾಗಿ ಬರುತ್ತದೆ. ಸ್ವಲ್ಪ ಅಂಕಿ ಕಳೆದರೆ ಪೆಟ್ಟಿಗೆಯೇ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಒಂದು ಮಿತಿ ದಾಟಿತೋ, ಲೆಕ್ಕ ಕೈಕೊಡುತ್ತದೆ. ಆಗ ಗುಳುಗುಳು, ಮರುಕ್ಷಣ ಮೌನ. ಒಂದೋ ಪೂರ್ತಿ ಬರುತ್ತದೆ, ಇಲ್ಲವೋ ಇಲ್ಲ.

ಇದರಲ್ಲಿ ಒಂದು ಚಂದದ ವಿದ್ಯೆಯೂ ಇದೆ. ಬಿಬಿಸಿಯ ರಾಷ್ಟ್ರೀಯ ಡಿಜಿಟಲ್ ಸ್ಟೇಷನ್‌ಗಳೆಲ್ಲ ಒಂದೇ ತರಂಗದಲ್ಲಿ, 225.648 ಮೆಗಾಹರ್ಟ್ಸ್‌ನಲ್ಲಿ, ಒಟ್ಟಿಗೆ ಬರುತ್ತವೆ. ದೇಶದ ಎಲ್ಲಾ ಟವರುಗಳೂ ಅದೇ ತರಂಗದಲ್ಲಿ. ಎಫ್‌ಎಂನಲ್ಲಿ ಪಕ್ಕಪಕ್ಕದ ಟವರುಗಳು ಹೀಗೆ ಮಾಡಿದರೆ ಒಂದಕ್ಕೊಂದು ಗುದ್ದಾಡುತ್ತವೆ. ಇಲ್ಲಿ ಒಂದಕ್ಕೊಂದು ಕೈ ಜೋಡಿಸುತ್ತವೆ. ನಾನು ಮೊದಲ ಸಲ ಇದನ್ನು ಓದಿದಾಗ ರಾತ್ರಿ ನಿದ್ದೆ ಬರಲಿಲ್ಲ. (ನಮ್ಮಾಕೆ ಈಗಲೂ ಆಡಿಕೊಳ್ಳುತ್ತಾಳೆ.)

ತೊಂದರೆ ಏನೆಂದರೆ ಆ ತರಂಗ ಒಂದು ಬಸ್ಸಿದ್ದ ಹಾಗೆ. ಸೀಟು ಇಷ್ಟೇ. ಸ್ಟೇಷನ್ ಜಾಸ್ತಿ ಆದಷ್ಟೂ ಎಲ್ಲರೂ ಒತ್ತಿಕೊಂಡು ಕೂರಬೇಕು. ಬಹಳ ಕಾಲ ಶಾಸ್ತ್ರೀಯ ಸಂಗೀತದ ರೇಡಿಯೋ 3ಕ್ಕೆ ಸೆಕೆಂಡಿಗೆ 192 ಕಿಲೋಬಿಟ್ ಕೊಟ್ಟರೆ ಒನ್‌ಎಕ್ಸ್‌ಟ್ರಾಗೆ 128 ಕೊಡುತ್ತಿದ್ದರು. ಅದೂ ಹಾಡನ್ನು ಕುಗ್ಗಿಸಿ ಕಳಿಸುವ ಎಂಪಿ2 ಅನ್ನುವ ಹಳೆಯ ವಿಧಾನದಲ್ಲಿ. ಆ ವಿಧಾನಕ್ಕೆ 128 ಸಾಲದು. ಬೇಸ್ ಹೇಗೋ ಉಳಿಯುತ್ತದೆ, ಸಿಂಬಲ್ ಸದ್ದು ಮಾತ್ರ ನೀರಿಗೆ ಅದ್ದಿ ತೆಗೆದ ಹಾಗೆ.

ಕುಂದಾಪ್ರದವ

ಅಲ್ಲ ಮಾರಾಯ್ರೆ, ಮುದುಕರ ಪಿಟೀಲಿಗೆ ದೊಡ್ಡ ಸೀಟು, ಹುಡುಗರ ಡ್ರಮ್ಮಿಗೆ ಮಡಚುವ ಸ್ಟೂಲಾ?

ತಂತಿ_ತಮ್ಮಯ್ಯ

ನಾನೂ ಪಿಟೀಲಿನ ಕಡೆಯ ಮುದುಕನೇ, ಆದರೂ ನೀವು ಹೇಳಿದ್ದು ತಪ್ಪಲ್ಲ.

ಈಸ್ಟ್‌ಹ್ಯಾಮ್_ಹುಡುಗ

ಸೀಟಿನ ಮಾತು ಆಮೇಲೆ, ಮೊದಲು ಟಿಕೆಟ್ ದರ ಕೇಳಿ. 2002ರಲ್ಲಿ ನೂರು ಪೌಂಡ್ ಒಳಗೆ ಸಿಗುವ ಮೊದಲ ಡಿಎಬಿ ರೇಡಿಯೋ ಬಂತು, ಪ್ಯೂರ್ ಇವೋಕ್ 1, ಬೆಲೆ 99 ಪೌಂಡ್. ಅಗ್ಗ ಅಂತ ಜನ ಸಾಲುಗಟ್ಟಿದರು. ಆದರೆ ಅದನ್ನು ಕೊಂಡವರು ಯಾರು? ಅಡುಗೆಮನೆಯಲ್ಲಿ ಸುದ್ದಿ ಕೇಳುವ ಮನೆಯ ಯಜಮಾನರು. ಮರದ ಪೆಟ್ಟಿಗೆ, ಮೇಲೆ ಹಿಡಿ, ನಮ್ಮ ಅಜ್ಜನ ಮರ್ಫಿ ಥರವೇ. ಬೋ ಫ್ಲ್ಯಾಟಿನ 16 ವರ್ಷದ ಹುಡುಗನ ಹತ್ತಿರ ಎಲ್ಲಿಯ 99 ಪೌಂಡ್? ನನ್ನ ಹತ್ತಿರವೂ ಇರಲಿಲ್ಲ. ಐದು ಪೌಂಡಿನ ಟ್ರಾನ್ಸಿಸ್ಟರ್ ಇತ್ತು, ಅದರಲ್ಲಿ ಪೈರೇಟ್ ಬರುತ್ತಿತ್ತು, ಒನ್‌ಎಕ್ಸ್‌ಟ್ರಾ ಬರುತ್ತಿರಲಿಲ್ಲ. ಹುಡುಗರಿಗೆ ಸ್ಟೇಷನ್ ಕೊಟ್ಟರು, ಕೇಳುವ ಪೆಟ್ಟಿಗೆ ಅಪ್ಪಂದಿರ ಕೈಯಲ್ಲಿತ್ತು.

ನಾವು ಕೇಳಿದ್ದು ಟಿವಿಯಲ್ಲಿ. 2002ರ ಅಕ್ಟೋಬರ್‌ನಲ್ಲಿ ಫ್ರೀವ್ಯೂ ಅನ್ನುವ ಉಚಿತ ಡಿಜಿಟಲ್ ಟಿವಿ ಬಂತು. ಅದರಲ್ಲಿ ಈ ರೇಡಿಯೋಗಳೂ ಸೇರಿದ್ದವು. ಕಪ್ಪು ಪರದೆ ನೋಡುತ್ತಾ ಮೂವರು ರೇಡಿಯೋ ಕೇಳುತ್ತಿದ್ದೆವು. ಆಮೇಲೆ ಬ್ರಾಡ್‌ಬ್ಯಾಂಡ್, ಆಮೇಲೆ ಫೋನ್. 2018ರ ಹೊತ್ತಿಗೆ ಬ್ರಿಟನ್ನಿನಲ್ಲಿ ರೇಡಿಯೋ ಕೇಳುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಡಿಜಿಟಲ್ ದಾರಿಯಲ್ಲೇ ಆಗಿತ್ತು.

ಬಸವನಗುಡಿ_ಬಾಲು

ಇದಕ್ಕೆಲ್ಲ ದುಡ್ಡು ಯಾರದ್ದು? ಬಿಬಿಸಿಯಲ್ಲಿ ಜಾಹೀರಾತೂ ಇಲ್ಲವಲ್ಲ.

ರೆಡಿಂಗ್_ಅಮ್ಮ

ನಮ್ಮದೇ. ಟಿವಿ ನೋಡುವ ಮನೆ ವರ್ಷಕ್ಕೊಮ್ಮೆ ಟಿವಿ ಲೈಸೆನ್ಸ್ ಕಟ್ಟಬೇಕು. ರೇಡಿಯೋಗೆ ಬೇರೆ ಲೈಸೆನ್ಸ್ ಇಲ್ಲ, ಅದು ಇಲ್ಲಿ 1971ರಲ್ಲೇ ರದ್ದಾಗಿದೆ. ನಮ್ಮ ತಾತ ಅಂಚೆ ಕಚೇರಿಗೆ ಹೋಗಿ ರೇಡಿಯೋ ಲೈಸೆನ್ಸ್ ಕಟ್ಟಿ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದರಂತೆ. ಅಮ್ಮ ಹೇಳುತ್ತಿರುತ್ತಾರೆ.

ಬಸವನಗುಡಿ_ಬಾಲು

ನೋಡಿ, ಅಲ್ಲಿಗೆ ಬಂದಿರಿ. ಎಲ್ಲರ ದುಡ್ಡು, ಕೆಲವು ಹುಡುಗರ ಹಾಡು. ಬೆಂಗಳೂರಿನಲ್ಲಿ 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾಯಿತು, ರೇಡಿಯೋ ಸಿಟಿ. ನಾನು ಆಗ ಕಾಲೇಜು. ಯಾರ ತೆರಿಗೆಯೂ ಬೇಡವಾಗಿತ್ತು, ಜಾಹೀರಾತಿನಿಂದಲೇ ನಡೆಯಿತು. ಹುಡುಗರಿಗೆ ಬೇಕಾದದ್ದನ್ನು ಮಾರುಕಟ್ಟೆಯೇ ಕೊಡುತ್ತದೆ.

ಕುಂದಾಪ್ರದವ

ಕೊಟ್ಟಿತಾ ಬಾಲಣ್ಣ? ಈಗ ಬೆಂಗಳೂರಿನಲ್ಲಿ ಎಷ್ಟೊಂದು ಎಫ್‌ಎಂ ಇದೆ. ನಾನು ಯಶವಂತಪುರದಿಂದ ಎಲೆಕ್ಟ್ರಾನಿಕ್ ಸಿಟಿ ತನಕ ಕ್ಯಾಬಿನಲ್ಲಿ ಕೂತು ಎಲ್ಲವನ್ನೂ ತಿರುಗಿಸಿದ್ದೇನೆ. ಅದೇ ಸಿನಿಮಾ ಹಾಡು, ಅದೇ ತಮಾಷೆ ಫೋನ್ ಕರೆ. ಹರಾಜಿನಲ್ಲಿ ಕೋಟಿಗಟ್ಟಲೆ ಕೊಟ್ಟು ತರಂಗ ತೆಗೆದುಕೊಂಡವನು ರಿಸ್ಕ್ ತೆಗೆದುಕೊಳ್ಳುವುದಿಲ್ಲ. ಎಲ್ಲರಿಗೂ ಸ್ವಲ್ಪ ಸ್ವಲ್ಪ ಇಷ್ಟ ಆಗುವುದನ್ನೇ ಹಾಕುತ್ತಾನೆ.

ನಮ್ಮಲ್ಲಿ ರ‍್ಯಾಪ್ ಮಾಡುವ ಹುಡುಗರಿಲ್ವಾ? ಬ್ರೋಧಾ ವಿ ಬೆಂಗಳೂರಿನವರು. ಹನುಮಾನ್‌ಕೈಂಡ್ ಹೆಸರು ಮಾಡಿದ್ದೂ ಬೆಂಗಳೂರಿನಲ್ಲೇ. ಕನ್ನಡದಲ್ಲಿ ಆಲ್ ಓಕೆ, ರಾಹುಲ್ ಡಿಟ್ಟೋ, ಎಂಸಿ ಬಿಜ್ಜು. ಇವರನ್ನು ನಾವು ಕಂಡುಕೊಂಡದ್ದು ರೇಡಿಯೋದಲ್ಲಾ? ಯೂಟ್ಯೂಬಿನಲ್ಲಿ ಮಾರಾಯ್ರೆ.

ಧಾರವಾಡ_ಫೇಡಾ

ಈ ಪೈರೇಟ್ ಕಥೆ ಕೇಳಿದಾಗಿನಿಂದ ನನಗೆ ಮೈಸೂರು ನೆನಪಾಗುತ್ತಿದೆ. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ರೇಡಿಯೋ ಶುರು ಮಾಡಿದರಲ್ಲ? ಮನಶ್ಶಾಸ್ತ್ರದ ಮೇಷ್ಟ್ರು. ಅವರ ಆ ಮನೆ ರೇಡಿಯೋದ ಆಕಾಶವಾಣಿ ಅನ್ನುವ ಹೆಸರೇ ಮುಂದೆ ಇಡೀ ದೇಶದ ರೇಡಿಯೋಗೆ ಬಂತು. ಮನೆಯಲ್ಲಿ ಹುಟ್ಟಿದ್ದನ್ನು ಸರ್ಕಾರ ಎತ್ತಿಕೊಂಡಿತು. ಅದೂ ಇದೂ ಒಂದೇ ಅಲ್ಲವೇನ್ರೀ?

ತಂತಿ_ತಮ್ಮಯ್ಯ

ಅಮ್ಮಾ, ಅವರು ಪೈರೇಟ್ ಅಲ್ಲ! ಯಾರೂ ಅವರ ಆಂಟೆನಾ ಕಿತ್ತುಕೊಂಡು ಹೋಗಲಿಲ್ಲ. ಮಹಾರಾಜಾ ಕಾಲೇಜಿನ ದೊಡ್ಡ ಮನುಷ್ಯರು ಅವರು. ಹೋಲಿಕೆ ಅರ್ಧ ಸರಿ, ಇನ್ನರ್ಧಕ್ಕೆ ನನ್ನ ತಕರಾರಿದೆ.

ಧಾರವಾಡ_ಫೇಡಾ

ಸರಿ ಸರ್, ಅರ್ಧ ಹಿಂದಕ್ಕೆ ತೆಗೆದುಕೊಂಡೆ. ಆ ಅರ್ಧವೇ ಮುಖ್ಯ ಅನ್ನಿಸುತ್ತದೆ ಈಗ. ದೊಡ್ಡ ಮನುಷ್ಯರು ಮಾಡಿದರೆ ಪ್ರಯೋಗ, ಫ್ಲ್ಯಾಟಿನ ಹುಡುಗರು ಮಾಡಿದರೆ ಅಪರಾಧ.

ಈಸ್ಟ್‌ಹ್ಯಾಮ್_ಹುಡುಗ

ಸರಿಯಾಗಿ ಹೇಳಿದಿರಿ. ಇದಕ್ಕೆ ಇನ್ನೊಂದು ಸೇರಿಸುತ್ತೇನೆ. 2005ರಿಂದ ಲಂಡನ್ ಪೊಲೀಸರ ಹತ್ತಿರ ಫಾರ್ಮ್ 696 ಅಂತ ಒಂದು ಕಾಗದ ಇತ್ತು. ಸಂಗೀತ ಕಾರ್ಯಕ್ರಮ ನಡೆಸುವವರು ಅದನ್ನು ಮುಂಚೆಯೇ ತುಂಬಿಸಿ ಕೊಡಬೇಕು. ಯಾರು ಹಾಡುತ್ತಾರೆ, ಅವರ ನಿಜವಾದ ಹೆಸರು, ವಿಳಾಸ, ಫೋನ್. ಮೊದಮೊದಲು ಯಾವ ಜನ ಬರುತ್ತಾರೆ ಅಂತಲೂ ಕೇಳುತ್ತಿದ್ದರು. ಇದರ ಪೆಟ್ಟು ಬಿದ್ದದ್ದು ಗ್ರೈಮ್, ಗರಾಜ್ ಸಂಗೀತದವರ ಮೇಲೆ. ಎಷ್ಟೋ ಕಾರ್ಯಕ್ರಮ ನಡೆಯಲೇ ಇಲ್ಲ. ಅದನ್ನು ತೆಗೆದು ಹಾಕಿದ್ದು 2017ರ ನವೆಂಬರ್‌ನಲ್ಲಿ.

ಅಂದರೆ ಲೆಕ್ಕ ಹಾಕಿ. ಊರಿನ ಕ್ಲಬ್ಬಿನಲ್ಲಿ ಹಾಡಲು ಪೊಲೀಸ್ ಫಾರ್ಮ್, ಅದೇ ಹೊತ್ತಿಗೆ ಬಿಬಿಸಿಯಲ್ಲಿ ಹಾಡಲು ಮೈಕ್. ಬಾಲು ಸರ್, ಎಲ್ಲರ ದುಡ್ಡು ಯಾಕೆ ಅಂದಿರಲ್ಲ, ನನಗೆ ಉತ್ತರ ಇದೇ. ಡಿಜೆ ಟಾರ್ಗೆಟ್ ಬೋ ಹುಡುಗರ ಗುಂಪಿನಿಂದ, ರೋಲ್ ಡೀಪ್‌ನಿಂದ ಬಂದವರು. ಒನ್‌ಎಕ್ಸ್‌ಟ್ರಾದಲ್ಲಿ ದೊಡ್ಡ ದನಿ ಆದರು. ರ‍್ಯಾಂಪೇಜ್ ಲಂಡನ್ನಿನ ನಾಟಿಂಗ್ ಹಿಲ್ ಕಾರ್ನಿವಲ್ ಹಬ್ಬದಲ್ಲಿ ಬೀದಿಯಲ್ಲಿ ಹಾಡು ಹಾಕುತ್ತಿದ್ದ ಸೌಂಡ್ ಸಿಸ್ಟಮ್‌ನವರು. ಕೀನ್ಯಾದ ಡಿಜೆ ಎಡು ಆಫ್ರಿಕಾದ ಹಾಡುಗಳಿಗೇ ಒಂದು ಕಾರ್ಯಕ್ರಮ ಮಾಡಿದರು, ಆಫ್ರೋಬೀಟ್ಸ್ ಅನ್ನುವ ಪದ ಇಷ್ಟು ಓಡಾಡುವ ಮೊದಲೇ. ಇವರನ್ನೆಲ್ಲ ಮಾರುಕಟ್ಟೆ ಕೂರಿಸುತ್ತಿತ್ತಾ?

ಆದರೂ ಕಳೆದುಕೊಂಡದ್ದೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಪೈರೇಟ್‌ನಲ್ಲಿ ಯಾವಾಗ ಏನಾಗುತ್ತದೋ ಗೊತ್ತಿರಲಿಲ್ಲ. ಮಾತು ತಪ್ಪುತ್ತಿತ್ತು, ಮೈಕ್ ಬೀಳುತ್ತಿತ್ತು, ಇಬ್ಬರು ಜಗಳಕ್ಕೇ ನಿಂತುಬಿಡುತ್ತಿದ್ದರು. ಬಿಬಿಸಿಯಲ್ಲಿ ಹಗಲು ಹೊತ್ತು ಬೈಗುಳ ಕತ್ತರಿಸಿದ ಹಾಡು, ಹೊತ್ತಿಗೆ ಸರಿಯಾಗಿ ಸುದ್ದಿ, ಇಸ್ತ್ರಿ ಹಾಕಿದ ಅಂಗಿ. ಅಕ್ಕಾ, ನಿಮ್ಮ ಯಜಮಾನರಿಗೆ ಇದನ್ನೇ ಹೇಳಿ. ಬೈಗುಳ ಕಡಿಮೆ ಆಗಿದ್ದೇ ನಮ್ಮಂಥ ಹಳಬರ ದೂರು!

ರೆಡಿಂಗ್_ಅಮ್ಮ

ಹೇಳಿದೆ. "ಹಾಗಾದರೆ ಸರಿ" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಹಾಗಾದರೆ ಅದರಲ್ಲಿ ಮಜಾ ಏನು?" ಅಂದರು. ಗಂಡಸರನ್ನು ಒಪ್ಪಿಸುವುದು ಕಷ್ಟ.

ಕುಂದಾಪ್ರದವ

ತಮ್ಮಯ್ಯ ಸರ್, ಈ ಡಿಜಿಟಲ್ ರೇಡಿಯೋ ನಮ್ಮಲ್ಲಿ ಬಂದರೆ ಕನ್ನಡ ಹುಡುಗರಿಗೆ ಒಂದು ಮೂಲೆ ಸಿಗಬಹುದಾ?

ತಂತಿ_ತಮ್ಮಯ್ಯ

ನಮ್ಮಲ್ಲಿ ಆಗಲೇ ಬಂದಿದೆಯಪ್ಪ, ಯಾರಿಗೂ ಗೊತ್ತಿಲ್ಲ ಅಷ್ಟೆ. ಆಕಾಶವಾಣಿ ತೆಗೆದುಕೊಂಡದ್ದು ಡಿಎಬಿ ಅಲ್ಲ, ಡಿಆರ್‌ಎಂ ಅನ್ನುವ ಇನ್ನೊಂದು ಡಿಜಿಟಲ್ ವಿಧಾನ. ಬೆಂಗಳೂರಿನ 612 ಕಿಲೋಹರ್ಟ್ಸ್ ಟ್ರಾನ್ಸ್‌ಮಿಟರ್ ಡಿಆರ್‌ಎಂ ಕಳಿಸಬಲ್ಲದು. ಎಷ್ಟೋ ಹೊಸ ಕಾರುಗಳಲ್ಲಿ ಅದನ್ನು ಹಿಡಿಯುವ ರಿಸೀವರ್ ಕೂಡ ಇದೆ, ಓಡಿಸುವವರು ಆ ಬಟನ್ ಒತ್ತುವುದೇ ಇಲ್ಲ.

ಖಾಸಗಿಯವರ ವಿಷಯಕ್ಕೆ ಬಂದರೆ, 2025ರಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಬೆಂಗಳೂರು ಸೇರಿ 13 ನಗರಗಳಿಗೆ ಡಿಜಿಟಲ್ ರೇಡಿಯೋ ಶಿಫಾರಸು ಮಾಡಿದೆ. ಒಂದೇ ತರಂಗದಲ್ಲಿ ಹಳೆಯ ಎಫ್‌ಎಂ ಜೊತೆಗೆ ಮೂರು ಡಿಜಿಟಲ್ ವಾಹಿನಿ. ಸೀಟು ಜಾಸ್ತಿ ಆಗುತ್ತದೆ. ಅದರಲ್ಲಿ ಯಾರನ್ನು ಕೂರಿಸುತ್ತಾರೆ ಅನ್ನುವುದು ಎಂಜಿನಿಯರ್ ಕೈಯಲ್ಲಿ ಇಲ್ಲ. ಮೂರರಲ್ಲೂ ಅದೇ ಸಿನಿಮಾ ಹಾಡು ಬಂದರೂ ಯಂತ್ರ ಬೇಡ ಅನ್ನುವುದಿಲ್ಲ.

ಬಸವನಗುಡಿ_ಬಾಲು

ಅದಂತೂ ನಿಜ. ನಾನು ಕೂಡ ಎಫ್‌ಎಂ ಬಿಟ್ಟು ಎಷ್ಟೋ ವರ್ಷ ಆಯಿತು, ಈಗ ಯೋಚಿಸಿದರೆ.

ಮೇಡಂ, ಹುಡುಗ ಏನು ಬರೆದ ಅಂತ ಹೇಳಲೇ ಇಲ್ಲ.

ರೆಡಿಂಗ್_ಅಮ್ಮ

ನಿನ್ನೆ ರಾತ್ರಿ ತೋರಿಸಿದ. ಇಂಗ್ಲಿಷ್ ರ‍್ಯಾಪ್, ನಡುವೆ ಎರಡು ಸಾಲು ಕನ್ನಡ. ಇಲ್ಲಿ ಬಿಬಿಸಿ ಇಂಟ್ರೊಡ್ಯೂಸಿಂಗ್ ಅಂತ ಒಂದು ವ್ಯವಸ್ಥೆ ಇದೆ. ಹೆಸರಿಲ್ಲದ ಹುಡುಗರು ತಮ್ಮ ಹಾಡನ್ನು ಅಲ್ಲಿಗೆ ಅಪ್‌ಲೋಡ್ ಮಾಡಬಹುದು. ಹಿಡಿಸಿದರೆ ರೇಡಿಯೋದಲ್ಲಿ ಹಾಕುತ್ತಾರೆ. ಅಪ್ಪನ ಅನುಮತಿ ತೆಗೆದುಕೊಂಡು (ಹೌದು, ಅವರೇ ಕೊಟ್ಟರು) ಕಳಿಸಿದ್ದಾನೆ. ಆ ಎರಡು ಸಾಲು ಇಲ್ಲಿ ಹಾಕುತ್ತೇನೆ, ನಗಬೇಡಿ:

ಅಜ್ಜಿ ಫೋನಲ್ಲಿ ಕೇಳ್ತಾನೆ ಊಟ ಆಯ್ತಾ
ಕಿಟಕಿ ಆಚೆ ಮಳೆ, ನನ್ನ ಬಸ್ಸು ಹೋಯ್ತಾ

ಧಾರವಾಡ_ಫೇಡಾ

ಅಯ್ಯೋ ಚಿನ್ನ! ಎರಡನೇ ಸಾಲು ಬಹಳ ಚೆಂದ ಐತಿ. ಮೊದಲನೆಯದರಲ್ಲಿ ಅಜ್ಜಿ ಗಂಡಸಾಗಿಬಿಟ್ಟಿದ್ದಾಳೆ. "ಕೇಳ್ತಾಳೆ" ಮಾಡಿಸಿ.

ಬಸವನಗುಡಿ_ಬಾಲು

"ಕೇಳ್ತಾರೆ." ಅಜ್ಜಿಗೆ ಮರ್ಯಾದೆ ಬೇಡವೇ?

ಕುಂದಾಪ್ರದವ

ನಮ್ಮ ಕಡೆ ಅಜ್ಜಿಗೆ ಏಕವಚನವೇ ಪ್ರೀತಿ. ಆದರೆ ಹುಡುಗನ "ಕೇಳ್ತಾನೆ" ಇರಲಿ ಬಿಡಿ. ಅಲ್ಲಿ ಹುಟ್ಟಿ ಬೆಳೆದ ಹುಡುಗನ ಕನ್ನಡ ಇರುವುದೇ ಹಾಗೆ. ತಿದ್ದಿದರೆ ಅದು ನಿಮ್ಮ ಸಾಲಾಗುತ್ತದೆ.

ಈಸ್ಟ್‌ಹ್ಯಾಮ್_ಹುಡುಗ

ಕುಂದಾಪ್ರದವರಿಗೆ ನನ್ನ ವೋಟು. ಇಸ್ತ್ರಿ ಹಾಕಬೇಡಿ ಅಕ್ಕಾ.

ರೆಡಿಂಗ್_ಅಮ್ಮ

ಇಸ್ತ್ರಿ ಹಾಕಲು ಈಗ ಆಗುವುದೂ ಇಲ್ಲ, ಅಪ್‌ಲೋಡ್ ಆಗಿಹೋಗಿದೆ. ನಾನು ತಪ್ಪು ಹೇಳಿದ್ದಕ್ಕೆ "ಅಜ್ಜಿಗೆ ಅರ್ಥ ಆಗತ್ತೆ ಬಿಡು" ಅಂದ.

ಬೆಳಿಗ್ಗೆ ತುಮಕೂರಿಗೆ ಫೋನ್ ಮಾಡಿ ಅಮ್ಮನಿಗೆ ಕೇಳಿಸಿದೆ. ಪೂರ್ತಿ ಕೇಳಿದರು. "ಬಡಬಡ ಅಂತಾನೆ, ಏನೂ ತಿಳಿಯಲ್ಲ. ಊಟದ ವಿಷಯ ಒಂದು ಸರಿಯಾಗಿ ಹೇಳಿದಾನೆ" ಅಂದರು. ಆಮೇಲೆ ಅವನನ್ನು ಕರೆದು ಕೇಳಿದರು, ಆಯ್ತಾ ಅಂತ.